ತಲೆದಿಂಬಿನ ಕಾಸು

ಹಿರಿಯೂರು
9-6-1999

ಮನೆಯವರಿಗೆ ಖಾತುನ್ ಬೀ ಮಾಡುವ ಸಲಾಮ್.

ಛತ್ರದ ಗಾದಿಗಳನ್ನು ಮುಗಿಸದೆ ಏಳುವುದಿಲ್ಲ ಎಂದು ನೀವು ಹೊಸದುರ್ಗದಲ್ಲಿ ಕುಳಿತಿರಿ. ಇಲ್ಲಿ ನನ್ನ ತಂಗಿ ಸನೋಬರ್ ನಿನ್ನೆ ಸಂಜೆ ಬೊಂಬಾಯಿ ಬಸ್ಸು ಹತ್ತಿಯೂ ಬಿಟ್ಟಳು. ಅಲ್ಲಿಂದ ವಿಮಾನವಂತೆ, ಇಳಿದರೆ ಕುವೈತಂತೆ. ಎರಡು ವರ್ಷ ಯಾರದೋ ಮಕ್ಕಳನ್ನು ಎತ್ತಿ ಆಡಿಸಲು ತನ್ನ ಮಗಳನ್ನು ನನ್ನ ಮಡಿಲಿಗೆ ಹಾಕಿ ಹೋದಳು. ಗಂಡ ತಲಾಖ್ ಕೊಟ್ಟರೇನು, ನೀನೂ ಗುಲ್ನಾಜಳೂ ನಮಗೆ ಭಾರವೇ ಎಂದು ನೀವೂ ಹೇಳಿದಿರಿ, ನಾನೂ ಹೇಳಿದೆ. ಅವಳು ಕೇಳುವ ಪೈಕಿ ಅಲ್ಲ.

ಬಸ್ಸು ಹೋದಾಗಿನಿಂದ ಹತ್ತಿ ಹಿಂಜುವ ಬಿಲ್ಲಿಗೆ ಕೈ ಹಾಕಿಲ್ಲ, ಬಾಗಿಲಲ್ಲೇ ಕುಳಿತಿದ್ದೇನೆ. ಬೊಂಬಾಯಿಯ ಕಳ್ಳರ ಮಾತು ಯಾರು ಕೇಳಿಲ್ಲ? ಪಕ್ಕದ ಮನೆ ಚಂದ್ರಕ್ಕನ ಮೈದುನ ಅಲ್ಲಿ ಸ್ಟೇಷನ್ನಿನಲ್ಲಿ ಟೀ ಕುಡಿಯುವಷ್ಟರಲ್ಲಿ ಪೆಟ್ಟಿಗೆ ಕಳೆದುಕೊಂಡು ಉಟ್ಟ ಬಟ್ಟೆಯಲ್ಲಿ ಬಂದಿದ್ದ. ಅದಕ್ಕೇ ಒಂದು ವಾರ ನಾನು ಮಷಿನ್ ಬಿಟ್ಟು ಎದ್ದಿಲ್ಲ. ಲಂಗದ ಲಾಡಿಯ ಹಿಂದೆ ಒಂದು ಜೇಬು, ರವಿಕೆಯ ಕಂಕುಳಲ್ಲಿ ಒಂದು, ಚೀಲದ ತಳಕ್ಕೆ ಎರಡನೇ ತಳ. ದುಡ್ಡೆಲ್ಲ ಒಂದೇ ಕಡೆ ಇಡಬೇಡ, ಕಳ್ಳ ಅಡ್ಡ ಹಾಕಿದರೆ ಬಿಸಾಕಲು ಕೈಚೀಲದಲ್ಲಿ ಚಿಲ್ಲರೆ ಬೇರೆ ಇರಲಿ, ಪಾಸ್‌ಪೋರ್ಟಿನ ಜೆರಾಕ್ಸ್ ಸೀರೆಯ ಮಡಿಕೆಯಲ್ಲಿರಲಿ, ಜನರೆದುರು ನೋಟು ಎಣಿಸಬೇಡ ಎಂದು ಹೇಳಿ ಹೇಳಿ ಬಾಯಿ ಒಣಗಿತು.

"ಅಕ್ಕಾ, ನಾನು ಕುವೈತಿಗೆ ಹೋಗ್ತಿದೀನೋ, ಕಳ್ಳರ ಸಂತೆಗೆ ಹೋಗ್ತಿದೀನೋ?" ಎಂದು ನಕ್ಕಳು.

ಚಂದ್ರಕ್ಕನೂ ಸೇರಿಕೊಂಡಳು. "ಬಿಡವ್ವ ಖಾತುನಮ್ಮ, ಇನ್ನೊಂದು ಜೇಬು ಹೊಲಿದ್ರೆ ಆ ಹುಡುಗಿಗೆ ಉಸಿರಾಡಾಕೆ ಜಾಗ ಇರಲ್ಲ."

ನಗಲಿ. ನಗುವವರ ಪೆಟ್ಟಿಗೆಯೇ ಮೊದಲು ಹೋಗುವುದು.

ಈಗ ನಿಮಗೊಂದು ಮಾತು ಹೇಳಬೇಕು. ಓದಿದ ಕೂಡಲೇ ಬೈಯಬೇಡಿ. ನಮ್ಮವ್ವನ ಕಾಸಿನ ಸರದಲ್ಲಿ ಉಳಿದಿದ್ದ ಮೂರು ಚಿನ್ನದ ಕಾಸುಗಳನ್ನು, ರಾಜನ ತಲೆ ಇರುವ ಆ ಹಳೆಯ ಸವರನ್‌ಗಳನ್ನು, ಸನೋಬರಳ ಜೊತೆ ಕಳಿಸಿದ್ದೇನೆ. ಚಿತ್ರದುರ್ಗಕ್ಕೆ ಹೋಗಿ ಅಕ್ಕಸಾಲಿಯ ಕೈಲಿ ಕೊಂಡಿ ಕತ್ತರಿಸಿ ಉಜ್ಜಿಸಿದೆ. ಬರೀ ನಾಣ್ಯವಾಗಿದ್ದರೆ ಯಾವ ದೇಶದಲ್ಲೂ ಮಾರಬಹುದಲ್ಲ. ಆಮೇಲೆ ಒಂದೊಂದಕ್ಕೂ ಹತ್ತಿ ಸುತ್ತಿ ಅವಳ ತಲೆದಿಂಬಿನ ನಟ್ಟನಡುವೆ ಇಟ್ಟು ಹೊಲಿದೆ. ಅಲುಗಾಡಿಸಿದರೂ ಸದ್ದಿಲ್ಲ. ಆ ಮನೆಯವರು ಕೆಟ್ಟವರಾದರೆ, ಕೂಳು ನೀರು ಕೊಡದಿದ್ದರೆ, ಅವನ್ನು ಮಾರಿ ಟಿಕೆಟ್ ತೆಗೆಸಿ ಬಂದುಬಿಡಬೇಕು. ಹೋದವಳಿಗೆ ಮನೆಗೆ ಬರುವ ದಾರಿ ತಲೆಯ ಕೆಳಗೇ ಇರಲಿ ಎಂದು.

ಅವಳಿಗೆ ಹೇಳಿಲ್ಲ. ಬಾಯಲ್ಲಿ ಎಳ್ಳು ನೆನೆಯದವಳು, ಬಸ್ಸಿನಲ್ಲಿ ಪಕ್ಕ ಕುಳಿತವರಿಗೇ ಹೇಳಿಬಿಡುತ್ತಿದ್ದಳು. ಬಾಯಿ ಹೇಳದಿದ್ದರೂ ಕೈ ಹೇಳುತ್ತಿತ್ತು. ಸಂತೆಯಲ್ಲಿ ನೀವೇ ನೋಡಿದ್ದೀರಿ, ದುಡ್ಡಿರುವವನ ಕೈ ಗಳಿಗೆಗೊಮ್ಮೆ ಜೇಬು ಮುಟ್ಟುತ್ತದೆ. ಕಳ್ಳ ಮುಖ ನೋಡುವುದಿಲ್ಲ, ಕೈ ನೋಡುತ್ತಾನೆ. ಗೊತ್ತೇ ಇಲ್ಲದ ಮೇಲೆ ಕೈ ಎಲ್ಲಿಗೆ ಹೋಗುತ್ತದೆ? ಮುಟ್ಟಿದೆ ಎಂದು ಅವಳ ಕಾಗದ ಬರಲಿ, ಆಗ ಬರೆದು ತಿಳಿಸುತ್ತೇನೆ.

ಊಟ ಸರಿಯಾಗಿ ಮಾಡುತ್ತಿದ್ದೀರಾ? ಛತ್ರದ ಜಗಲಿಯಲ್ಲಿ ಮಲಗಬೇಡಿ, ಚಪ್ಪಲಿ ಹೋಗುತ್ತದೆ.

ನಿಮ್ಮ ದಾರಿ ಕಾಯುವ
ಖಾತುನ್ ಬೀ


ಹೊಸದುರ್ಗ
15-6-1999

ಖಾತುನ್‌ಗೆ,

ಕಾಗದ ಮುಟ್ಟಿತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿ ನಿಮ್ಮಪ್ಪ ನಿನ್ನ ಕೈಗೆ ಬಿಲ್ಲು ಕೊಟ್ಟಿದ್ದೇ ಒಳ್ಳೆಯದಾಯಿತು. ಏಳನೆಯದರ ತನಕ ಓದಿದ್ದರೆ ಇನ್ನೆಷ್ಟು ಹಾಳೆ ತುಂಬಿಸುತ್ತಿದ್ದೆಯೋ.

ಕಾಸು ನಿಮ್ಮವ್ವನದು, ತಂಗಿಗೆ ಕೊಟ್ಟಿದ್ದಕ್ಕೆ ನಾನು ಏನೂ ಅನ್ನುವುದಿಲ್ಲ. ಆದರೆ ಹೇಳದೆ ಇಟ್ಟಿದ್ದು ಸರಿಯಲ್ಲ. ಅವಳು ಆ ದಿಂಬನ್ನು ದಾರಿಯಲ್ಲಿ ಬಿಟ್ಟರೆ? ಹಳತಾಯಿತೆಂದು ಎಸೆದರೆ? ಕಳ್ಳನಿಗೆ ಹೆದರಿ ಒಡತಿಗೇ ಬಚ್ಚಿಟ್ಟ ಹಾಗಾಯಿತು ನಿನ್ನ ಕೆಲಸ. ಅವಳ ವಿಳಾಸ ಬಂದ ದಿನವೇ ಬರೆ. ಕಾಗದವನ್ನು ಯಾರಾದರೂ ಒಡೆದು ಓದುತ್ತಾರೆ ಎಂದು ಹೊಸ ರಾಗ ಶುರು ಮಾಡಬೇಡ. ಕುವೈತಿನಲ್ಲಿ ಕನ್ನಡ ಓದುವವರು ಯಾರಿದ್ದಾರೆ ಮಾರಾಯ್ತಿ?

ಇಲ್ಲಿಂದ ತಾಳ್ಯಕ್ಕೆ ಹೋಗಬೇಕು. ಮದುವೆ ಮನೆಯ ಗಾದಿಗಳು. ಗುಲ್ನಾಜಳಿಗೆ ಬತ್ತಾಸು ತರುತ್ತೇನೆಂದು ಹೇಳು. ನನ್ನ ಚಪ್ಪಲಿ ಕಾಲಲ್ಲೇ ಇದೆ.

ಹಜರತ್ ಅಲಿ


ಕುವೈತ್
20-7-1999

ಅಕ್ಕನಿಗೆ ಸನೋಬರಳ ಸಲಾಮ್. ಭಾವನಿಗೂ. ನನ್ನ ಗುಲ್ನಾಜಳ ಕೆನ್ನೆಗೆ ಒಂದು ಮುತ್ತು, ನನ್ನ ಹೆಸರು ಹೇಳಿ ಕೊಡು.

ಮುಟ್ಟಿದೆ ಅಕ್ಕ, ನಾನೂ ಮುಟ್ಟಿದೆ, ನೀನು ಕಟ್ಟಿದ ಗಂಟುಗಳೂ ಮುಟ್ಟಿದವು. ಬೊಂಬಾಯಿಯಲ್ಲಿ ಏಜೆಂಟ್ ನಮ್ಮನ್ನೆಲ್ಲ ಒಂದು ಹಾಲ್‌ನಲ್ಲಿ ಮಲಗಿಸಿದ್ದ. ಬೆಳಗಾಗುವಷ್ಟರಲ್ಲಿ ಪಕ್ಕದವಳ ಚೀಲದ ತಳವನ್ನು ಯಾರೋ ಬ್ಲೇಡಿನಿಂದ ಕುಯ್ದಿದ್ದರು. ನನ್ನ ಚೀಲಕ್ಕೂ ಬ್ಲೇಡು ಹಾಕಿದ್ದರು, ಆದರೆ ನಿನ್ನ ಎರಡನೇ ತಳ ಗೆದ್ದಿತು. ನಗಾಡಿದ್ದಕ್ಕೆ ತಪ್ಪಾಯಿತು ಎಂದು ಅಲ್ಲೇ ಕುಳಿತು ಅಂದುಕೊಂಡೆ.

ಮನೆ ದೊಡ್ಡದು. ಮೇಡಂ ಕೆಟ್ಟವರಲ್ಲ, ಆದರೆ ನಗುವುದಿಲ್ಲ. ಪಾಸ್‌ಪೋರ್ಟ್ ಅವರೇ ಇಟ್ಟುಕೊಂಡರು. ಫೋನು ಮುಟ್ಟುವ ಹಾಗಿಲ್ಲ. ಡ್ರೈವರ್ ಉಡುಪಿ ಕಡೆಯವರು, ಕನ್ನಡ ಬಲ್ಲವರು. ಕಾಗದ ಪೆಟ್ಟಿಗೆಗೆ ಹಾಕುವುದು, ತಂದುಕೊಡುವುದು ಎಲ್ಲ ಅವರೇ.

ಅಡುಗೆಯವಳ ಜೊತೆ ನನಗೂ ಒಂದೇ ಕೋಣೆ. ಅವಳು ಯಾವೂರಿನವಳು ಗೊತ್ತಾ? ಅಮರಾಪುರ! ನಮ್ಮ ಧರ್ಮಪುರದಿಂದ ಬಸ್ಸು ಹತ್ತಿದರೆ ಆಂಧ್ರದ ಗಡಿ ದಾಟಿದ ಕೂಡಲೇ ಸಿಗುವ ಊರು. ಹೆಸರು ಮಸ್ತಾನ್ ಬೀ, ನಿನ್ನ ವಯಸ್ಸು. ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುತ್ತಾಳೆ. ಮೊದಲ ದಿನ ನಾನು ಅಳುತ್ತಾ ಕುಳಿತಾಗ, "ಏ ಪಿಲ್ಲಾ, ಅಳೋದಾದ್ರೆ ಉಂಡು ಅಳು, ಖಾಲಿ ಹೊಟ್ಟೇಲಿ ಅತ್ರೆ ತಲೆ ನೋಯ್ತೈತೆ" ಎಂದು ತನ್ನ ತಟ್ಟೆಯನ್ನೇ ನನ್ನ ಮುಂದೆ ತಳ್ಳಿದಳು. ಮಸ್ತಾನಕ್ಕ ಎಂದೇ ಕರೆಯುತ್ತೇನೆ. ಅವಳಿಗೊಬ್ಬಳು ಮಗಳಿದ್ದಾಳೆ. ಅವಳ ಮದುವೆಗೆಂದೇ ಇಲ್ಲಿ ಬೇಯುತ್ತಿದ್ದಾಳೆ.

ಅಂದಹಾಗೆ ಅಕ್ಕ, ನಿನ್ನ ಕೈ ಯಾವಾಗ ಕೆಟ್ಟಿತು? ದಿಂಬಿನ ನಡುವೆ ಏನೋ ಗಟ್ಟಿ ಸಿಗುತ್ತದೆ. ಹತ್ತಿಬೀಜ ಬಿಟ್ಟಿದ್ದೀಯ. ಪಿಂಜಾರರ ಮನೆಯ ದಿಂಬಿನಲ್ಲಿ ಬೀಜವೇ ಎಂದು ಮಸ್ತಾನಕ್ಕನೂ ನಕ್ಕಳು. ಬಿಚ್ಚಿ ತೆಗೆಯೋಣವೆಂದರೆ ಇಲ್ಲಿ ಸೂಜಿ ದಾರ ಕೇಳಲೂ ಭಯ. ಇರಲಿ, ಆ ಬೀಜ ಒತ್ತಿದಾಗಲೆಲ್ಲ ನಿನ್ನ ನೆನಪಾಗುತ್ತದೆ.

ನಿನ್ನ ತಂಗಿ
ಸನೋಬರ್


ಹಿರಿಯೂರು
18-8-1999

ನನ್ನ ಸನೋಬರಿಗೆ,

ನಿನ್ನ ಕಾಗದವನ್ನು ಚಂದ್ರಕ್ಕನ ಮುಂದೆ ಓದಿದೆ, ಗುಲ್ನಾಜಳ ಮುಂದೆ ಓದಿದೆ, ಯಾರೂ ಇಲ್ಲದಾಗಲೂ ಓದಿದೆ. ಬ್ಲೇಡಿನ ಸಾಲನ್ನು ಚಂದ್ರಕ್ಕನಿಗೆ ಎರಡು ಸಲ ಓದಿ ಹೇಳಿದೆ. ನಾನು ಹೇಳಿರಲಿಲ್ಲವೇ?

ಗುಲ್ನಾಜಳನ್ನು ಶಾಲೆಗೆ ಸೇರಿಸಿದೆ. ಮೊದಲ ದಿನ ಸ್ಲೇಟು ಮುರಿದುಕೊಂಡು ಬಂದಳು. ಎರಡನೇ ದಿನ ಬೇರೆ ಯಾರದೋ ಸ್ಲೇಟು ಮುರಿದು ಬಂದಳು. ನಿನ್ನ ಮಗಳೇ.

ದಿಂಬಿನ ವಿಷಯ. ಹೌದು, ಬೀಜ ಬಿಟ್ಟಿರಬಹುದು. ಈಗೀಗ ಕಣ್ಣು ಮೊದಲಿನ ಹಾಗಿಲ್ಲ. ನೀನು ಅದನ್ನು ಬಿಚ್ಚಬೇಡ, ಹೊಲಿಗೆ ಹೋದರೆ ಹತ್ತಿ ಗಂಟುಗಟ್ಟುತ್ತದೆ. ನನ್ನ ಹೊಲಿಗೆ ನನಗೇ ಗೊತ್ತು, ನೀನು ಬಂದ ಮೇಲೆ ನಾನೇ ಬಿಚ್ಚಿ ಸರಿ ಮಾಡುತ್ತೇನೆ. ಆದರೆ ಅದನ್ನು ಎಲ್ಲೂ ಬಿಡಬೇಡ, ಯಾರಿಗೂ ಕೊಡಬೇಡ. ತೊಂದರೆ ಬಂದರೆ ಬಟ್ಟೆ ಬಿಟ್ಟರೂ ಪರವಾಗಿಲ್ಲ, ದಿಂಬು ಹಿಡಿದುಕೊಂಡು ಹೊರಡು. ಯಾಕೆ ಎಂದು ಕೇಳಬೇಡ. ಎದುರಿಗೆ ಸಿಕ್ಕಾಗ ಹೇಳುವ ಮಾತನ್ನು ಕಾಗದದಲ್ಲಿ ಹೇಗೆ ಹೇಳಲಿ? ಕಾಗದ ತಂದುಕೊಡುವವರೇ ಕನ್ನಡ ಬಲ್ಲವರು ಎನ್ನುತ್ತೀಯ. ನಿಮ್ಮ ಭಾವ ನನ್ನನ್ನು ಗೇಲಿ ಮಾಡಿದ್ದರು, ನಾನು ನಿನ್ನ ಕಾಗದದ ಆ ಸಾಲು ತೋರಿಸಿದೆ. "ಅಲ್ಲೂ ಒಬ್ಬ ಸಿಕ್ಕಿದನಾ ನಿನಗೆ" ಎಂದು ಎದ್ದು ಹೋದರು. "ಆದ್ರೂ ಬರೆಯೇ" ಎಂದು ಬಾಗಿಲಿನಿಂದ ಕೂಗಿ ಹೇಳಿದರು.

ಮಸ್ತಾನ್ ಬೀ ಒಳ್ಳೆಯವಳೇ ಇರಬಹುದು. ಅಕ್ಕ ಎನ್ನು, ತಪ್ಪಿಲ್ಲ. ಆದರೆ ಒಂದೇ ಕೋಣೆಯಲ್ಲಿ ಮಲಗುವವರ ಮೇಲೆಯೇ ಜಾಸ್ತಿ ಕಣ್ಣಿಡಬೇಕು. ಹೊರಗಿನ ಕಳ್ಳನಿಗೆ ಬಾಗಿಲಾದರೂ ಅಡ್ಡ ಇರುತ್ತದೆ. ಸಂಬಳ ಬಂದ ದಿನ ಅವಳೆದುರು ತೆಗೆಯಬೇಡ. ದಿಂಬು ಹಂಚಿಕೊಂಡರೆ ಹೇನು ಹತ್ತುತ್ತದೆ, ಅದನ್ನೂ ನೆನಪಿಡು.

ನಿನ್ನದೇ ಚಿಂತೆಯಲ್ಲಿರುವ
ಅಕ್ಕ


ಕುವೈತ್
16-1-2000

ಅಕ್ಕ,

ಇಷ್ಟು ದಿನ ಕಾಗದ ಬರೆಯದಿದ್ದಕ್ಕೆ ಬೈಯಬೇಡ. ಈದ್ ಆಯಿತು. ನಮ್ಮ ಪಾಲಿಗೆ ಈದ್ ಆಗಲಿಲ್ಲ.

ಈ ಮನೆಯಲ್ಲಿ ಹಬ್ಬಕ್ಕೆ ಮಕ್ಕಳ ಕೈಗೆ ಅಜ್ಜಿ ರಾಜನ ತಲೆ ಇರುವ ಹಳೆಯ ಚಿನ್ನದ ನಾಣ್ಯ ಕೊಡುವ ಪದ್ಧತಿ ಇದೆ. ರಂಜಾನ್ ಮುಗಿಯುವ ಮೊದಲು ಮೇಡಂ ಪೆಟ್ಟಿಗೆ ತೆಗೆದು ನೋಡಿದರು, ಕೆಲವು ನಾಣ್ಯಗಳಿರಲಿಲ್ಲ. ಮನೆಯೆಲ್ಲ ಹುಡುಕಿದರು. ಕೊನೆಗೆ ನಮ್ಮ ಕೋಣೆಗೆ ಬಂದರು. ಮೇಡಂ, ಅವರ ಅಣ್ಣ, ಮಾತು ತಿಳಿಸಲು ಡ್ರೈವರ್.

ಮೊದಲು ನನ್ನ ಚೀಲ. ಎರಡನೇ ತಳ ಸಿಕ್ಕಿತು. ಆಮೇಲೆ ಲಂಗದ ಜೇಬು, ರವಿಕೆಯ ಜೇಬು. ಒಂದೊಂದು ಸಿಕ್ಕಾಗಲೂ ಮೇಡಂ ಮುಖ ಕಪ್ಪಾಗುತ್ತಾ ಹೋಯಿತು. ಡ್ರೈವರ್ ತಲೆ ತಗ್ಗಿಸಿ ಕೇಳಿದರು, "ಕಳ್ಳತನ ಮಾಡದವರಿಗೆ ಕಳ್ಳಜೇಬು ಯಾಕೆ ಅಂತ ಕೇಳ್ತಿದಾರೆ." ನಾನು ಏನು ಹೇಳಲಿ? ನಮ್ಮಕ್ಕನಿಗೆ ಭಯ ಜಾಸ್ತಿ ಎಂದೆ. ಅದನ್ನು ಅವರು ಅರಬ್ಬಿಯಲ್ಲಿ ಹೇಗೆ ಹೇಳಿದರೋ ಗೊತ್ತಿಲ್ಲ, ಯಾರೂ ನಂಬಿದ ಹಾಗೆ ಕಾಣಲಿಲ್ಲ.

ಆಮೇಲೆ ದಿಂಬಿಗೆ ಚಾಕು ಹಾಕಿದರು.

ಹತ್ತಿಯ ಒಳಗಿಂದ ಮೂರು ಚಿನ್ನದ ನಾಣ್ಯ ಬಿದ್ದವು ಅಕ್ಕ. ನನ್ನ ದಿಂಬಿನಿಂದ. ಹತ್ತಿ ಸುತ್ತಿ ಬಚ್ಚಿಟ್ಟಿದ್ದರು. ನಾನು ಸರಿಯಾಗಿ ನೋಡುವ ಮೊದಲೇ ಮೇಡಂ ಅಣ್ಣ ಅವನ್ನು ಎತ್ತಿಕೊಂಡರು. ಇವು ನನ್ನವಲ್ಲ, ಅಲ್ಲಾಹುವಿನ ಆಣೆಗೂ ನನಗೆ ಗೊತ್ತಿಲ್ಲ ಎಂದು ಕಿರುಚಿದೆ. ಗುಲ್ನಾಜಳ ಮೇಲೆ ಆಣೆ ಇಟ್ಟೆ. ಮೇಡಂ ನನ್ನ ಮುಖವನ್ನೇ ನೋಡುತ್ತಾ ಇದ್ದರು. ಸುಳ್ಳು ಹೇಳುವವಳ ಮುಖ ಹಾಗಿರುವುದಿಲ್ಲ ಎಂದು ಅನಿಸಿತೋ ಏನೋ. "ನಿನ್ನದಲ್ಲ ಅಂದ್ರೆ ದಿಂಬು ಇನ್ಯಾರ ಕೈಗೆ ಹೋಗಿತ್ತು ಅಂತ ಕೇಳ್ತಿದಾರೆ" ಎಂದರು ಡ್ರೈವರ್.

ನಾನು ಸುಳ್ಳು ಹೇಳಲಿಲ್ಲ. ನಾನು ಬಂದ ಹೊಸದರಲ್ಲಿ ಮಸ್ತಾನಕ್ಕನಿಗೆ ಜ್ವರ ಬಂದಿದ್ದಾಗ ಅವಳ ತಲೆಗೆ ಕೊಟ್ಟಿದ್ದೆ ಎಂದೆ. ಅಷ್ಟೇ ಹೇಳಿದ್ದು.

ಅವಳು ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ಹಿಟ್ಟು. "ನಾನಾ?" ಎಂದಳು. ಅವರನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು. ನಾನು ಮುಖ ತಿರುಗಿಸಿಕೊಂಡೆ. ಪೊಲೀಸಿನವರು ಬಂದು ಕರೆದುಕೊಂಡು ಹೋದರು. ಚಪ್ಪಲಿ ಹಾಕಿಕೊಳ್ಳಲೂ ಬಿಡಲಿಲ್ಲ.

ನನಗೆ ತಟ್ಟೆ ಕೊಟ್ಟವಳು, ತಲೆ ಬಾಚಿದವಳು, ನನ್ನ ತಲೆಯ ಕೆಳಗೇ ಕಳ್ಳಮಾಲು ಇಟ್ಟಳಲ್ಲ. ಅದು ಬೀಜವೆಂದು ನಾನು ನಕ್ಕಾಗ ಅವಳೂ ನಕ್ಕಿದ್ದಳಲ್ಲ. ದಿಂಬು ಎಲ್ಲೂ ಬಿಡಬೇಡ, ಒಂದೇ ಕೋಣೆಯಲ್ಲಿ ಮಲಗುವವರ ಮೇಲೆ ಕಣ್ಣಿಡು ಎಂದು ನೀನು ಬರೆದಿದ್ದೆ. ನಿನ್ನ ಮಾಮೂಲಿ ಭಯ ಎಂದುಕೊಂಡಿದ್ದೆ. ನಿನ್ನ ಮಾತೇ ಸರಿಯಾಯಿತು ಅಕ್ಕ. ಇನ್ನು ಯಾರನ್ನೂ ನಂಬುವುದಿಲ್ಲ.

ಸನೋಬರ್


ಹಿರಿಯೂರು
4-2-2000

ಸನೋಬರ್,

ಕಾಸು ನಮ್ಮವು.

ಮಸ್ತಾನ್ ಬೀ ಇಟ್ಟಿದ್ದಲ್ಲ. ನಾನು ಇಟ್ಟಿದ್ದು. ಅವ್ವನ ಸರದ ಮೂರು ಕಾಸು, ಕೊಂಡಿ ತೆಗೆಸಿ ನಾನೇ ಹತ್ತಿ ಸುತ್ತಿ ಹೊಲಿದಿದ್ದು. ಅಲ್ಲಿ ಇರಲಾಗದಿದ್ದರೆ ನೀನು ಮನೆಗೆ ಬರಲಿ ಎಂದು. ನಿನಗೆ ಗೊತ್ತಾದರೆ ಕಳ್ಳರಿಗೂ ಗೊತ್ತಾಗುತ್ತದೆ ಎಂದು ಹೇಳಲಿಲ್ಲ. ಆಮೇಲೆ ಡ್ರೈವರ್ ಓದುತ್ತಾನೆಂದು ಬರೆಯಲಿಲ್ಲ. ನೀನು ಬೀಜ ಎಂದು ಬರೆದಾಗಲಾದರೂ ಬರೆಯಬಹುದಿತ್ತು. ಪಿಂಜಾರರ ಮಗಳಾಗಿ ಬೀಜ ಬಿಟ್ಟೆ ಎಂದು ಒಪ್ಪಿಕೊಂಡೆ, ಇದನ್ನು ಬರೆಯಲಿಲ್ಲ.

ಕೊಂಡಿ ಇದ್ದಿದ್ದರೆ ಸರದ ಕಾಸು ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಅದನ್ನೂ ನಾನೇ ಉಜ್ಜಿಸಿದೆ.

ನಿನ್ನ ಕಾಗದವನ್ನು ನಿಮ್ಮ ಭಾವನಿಗೆ ಓದಿ ಹೇಳಿದೆ. ಅವರು ಏನೂ ಬೈಯಲಿಲ್ಲ. "ಆ ಯಮ್ಮನ ಹೆಸ್ರು ಇನ್ನೊಂದು ಸಲ ಹೇಳು" ಎಂದರು. ಹೇಳಿದೆ. ಆಮೇಲೆ ಹಿತ್ತಲಿಗೆ ಹೋಗಿ ಕುಳಿತರು.

ನೀನು ಹೋಗಿ ಮೇಡಂಗೆ ಹೇಳು ಎಂದು ಬರೆಯಲು ಕೈ ಬರುತ್ತಿಲ್ಲ, ನಿನ್ನನ್ನು ಹಿಡಿದುಕೊಂಡರೆ ಎಂದು. ಹೇಳಬೇಡ ಎಂದು ಬರೆದರೆ ಆ ಹೆಂಗಸು ಯಾವ ಕತ್ತಲೆಯಲ್ಲಿ ಕುಳಿತಿದ್ದಾಳೋ. ಈ ಕಾಗದ ಡ್ರೈವರ್ ಓದಲಿ. ಯಾರು ಬೇಕಾದರೂ ಓದಲಿ. ಮೇಡಂಗೂ ಓದಿ ಹೇಳಲಿ. ಖಾತುನ್ ಬೀ, ಹಜರತ್ ಅಲಿಯವರ ಹೆಂಡತಿ, ಹಿರಿಯೂರು, ಚಿನ್ನ ನನ್ನದು ಎಂದು ಬರೆದುಕೊಟ್ಟಿದ್ದೇನೆ.

ಕೂಡಲೇ ಉತ್ತರ ಬರೆ. ಏನಾದರೂ ಬರೆ.

ಅಕ್ಕ


ಕುವೈತ್
12-10-2000

ಅಕ್ಕನಿಗೆ,

ನಿನ್ನ ಕಾಗದಗಳೆಲ್ಲ ಬಂದಿವೆ. ಕಾಸು ನಮ್ಮವು ಎಂದು ಬರೆದ ಮೊದಲನೆಯದನ್ನು ಮಾತ್ರ ಒಡೆದೆ.

ಓದಿದ ದಿನವೇ ಮೇಡಂ ಮುಂದೆ ಹೋಗಿ ನಿಂತೆ. ಡ್ರೈವರ್ ಕಾಗದವನ್ನು ಒಂದು ಮಾತೂ ಬಿಡದೆ ಓದಿ ಹೇಳಿದರು. ಅವರು ಒಳ್ಳೆಯ ಮನುಷ್ಯರು ಅಕ್ಕ. ಅವರ ಕಣ್ಣಲ್ಲಿ ನೀರಿತ್ತು. ನಿನ್ನ ಕಾಗದಗಳನ್ನು ಅವರು ಯಾವತ್ತೂ ಒಡೆದಿರಲಿಲ್ಲ.

ಮೇಡಂ ಕೋಪ ಮಾಡಿಕೊಳ್ಳಲಿಲ್ಲ. ನನ್ನ ಭುಜದ ಮೇಲೆ ಕೈ ಇಟ್ಟರು. ನಿನ್ನ ಮನಸ್ಸು ಮೃದು, ಸ್ನೇಹಿತೆಯನ್ನು ಬಿಡಿಸಲು ಊರಿನಿಂದ ಕಥೆ ಬರೆಸಿ ತರಿಸಿದ್ದೀಯ ಎಂದರು. ಇಷ್ಟೂ ದಿನ ನನ್ನದಲ್ಲ ಎಂದು ಆಣೆ ಇಟ್ಟವಳು ಈಗ ನನ್ನದು ಎಂದರೆ ಯಾರು ನಂಬುತ್ತಾರೆ? ಮಗಳ ಮೇಲೆ ಆಣೆ ಇಟ್ಟಿದ್ದೆನಲ್ಲ, ಅದನ್ನು ಅವರು ನಂಬಿದರು. ಆ ಆಣೆ ಅಷ್ಟು ಗಟ್ಟಿಯಾಗಿತ್ತು.

ಅಷ್ಟರಲ್ಲಿ ಮಸ್ತಾನಕ್ಕನನ್ನು ಜೈಲಿನಿಂದಲೇ ವಿಮಾನ ಹತ್ತಿಸಿ ಕಳಿಸಿದ್ದರು. ಕೂಡಿಟ್ಟ ಸಂಬಳವನ್ನೂ ಕೊಟ್ಟಿರಲಿಲ್ಲ.

ಈಗ ಈ ಮನೆಯಲ್ಲಿ ನನ್ನ ಮೇಲೆ ಬಹಳ ನಂಬಿಕೆ. ಕಪಾಟುಗಳ ಬೀಗದ ಕೈ ನನ್ನ ಸೊಂಟದಲ್ಲಿದೆ. ಸನೋಬರ್ ಪ್ರಾಮಾಣಿಕಳು ಎಂದು ಬಂದವರಿಗೆಲ್ಲ ತೋರಿಸುತ್ತಾರೆ. ಆಗ ಎಲ್ಲಾದರೂ ಬಚ್ಚಿಟ್ಟುಕೊಳ್ಳೋಣ ಅನಿಸುತ್ತದೆ.

ನನಗೆ ಬುದ್ಧಿಮಾತು ಬರೆಯಬೇಡ. ಒಂದೂ ಬೇಡ. ಒಂದು ಕೆಲಸ ಮಾಡು. ಅಮರಾಪುರಕ್ಕೆ ಹೋಗು. ಮಸ್ತಾನಕ್ಕನಿಗೆ ಎಲ್ಲ ಹೇಳು. ನಾನು ಮುಖ ತಿರುಗಿಸಿದ್ದನ್ನೂ ಹೇಳು. ಬರುವ ಜೂನ್‌ಗೆ ನನ್ನ ಎರಡು ವರ್ಷ ಮುಗಿಯುತ್ತದೆ. ಇನ್ನೆರಡು ವರ್ಷ ಇರು ಎಂದು ಮೇಡಂ ಕೇಳುತ್ತಿದ್ದಾರೆ. ಊರಿಗೆ ಬಂದರೆ ಧರ್ಮಪುರ ಹರಿಯಬ್ಬೆ ಕಡೆ ಬಸ್ಸು ಹತ್ತಿದಾಗಲೆಲ್ಲ ಅವಳ ಊರಿನವರು ಎದುರಿಗೆ ಕುಳಿತಿರುತ್ತಾರೆ. ಮಸ್ತಾನಕ್ಕ ತನ್ನ ಬಾಯಿಂದ ಬಾ ಎಂದರೆ ಬರುತ್ತೇನೆ. ಇಲ್ಲದಿದ್ದರೆ ಇಲ್ಲೇ ಇರುತ್ತೇನೆ.

ಗುಲ್ನಾಜಳಿಗೆ ಏನು ಹೇಳುತ್ತೀಯೋ ಹೇಳು.

ಸನೋಬರ್


ಹಿರಿಯೂರು
21-3-2001

ಸನೋಬರಿಗೆ,

ಅಮರಾಪುರಕ್ಕೆ ಹೋಗಿ ಬಂದೆ. ಚಳಿಗಾಲದಲ್ಲಿ ಒಮ್ಮೆ ಹೋಗಿದ್ದಾಗ ಮನೆಗೆ ಬೀಗ ಹಾಕಿತ್ತು, ಕೂಲಿಗೆಂದು ಹಿಂದೂಪುರದ ಕಡೆ ಹೋಗಿದ್ದಾರೆ ಎಂದರು. ಹುಣಸೆಹಣ್ಣಿನ ಕಾಲಕ್ಕೆ ಬರುತ್ತಾರೆ ಎಂದು ತಿಳಿದು ಈ ವಾರ ಮತ್ತೆ ಹೋದೆ. ನಿಮ್ಮ ಭಾವನೂ ಬಂದಿದ್ದರು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬಸ್ಸಿಳಿದು ಟೀ ಅಂಗಡಿಯಲ್ಲಿ ಮಸ್ತಾನ್ ಬೀ ಮನೆ ಎಲ್ಲಿ ಎಂದು ಕೇಳಿದೆ. ಅಂಗಡಿಯವನಿಗೆ ಗೊತ್ತಾಗಲಿಲ್ಲ. ಕುವೈತಿಗೆ ಹೋಗಿದ್ದವಳು ಎಂದೆ. "ಓ, ಕುವೈತ್ ಕಳ್ಳೀನಾ? ಹಂಗೆ ಕೇಳ್ರಿ ಮತ್ತೆ. ಮಸೀದಿ ಹಿಂದೆ, ಮಕ್ಳೂ ತೋರಿಸ್ತಾವೆ" ಎಂದ. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ವಿಳಾಸ ಹೇಳುವ ಹಾಗೆ ಹೇಳಿದ.

ಬಾಗಿಲ ಮುಂದೆ ಹುಣಸೆಹಣ್ಣು ರಾಶಿ ಹಾಕಿಕೊಂಡು ಸುತ್ತಿಗೆಯಿಂದ ಜಜ್ಜಿ ಬೀಜ ಬಿಡಿಸುತ್ತಾ ಕುಳಿತಿದ್ದಳು. ಪಕ್ಕದಲ್ಲಿ ಮಗಳು. ನಾನು ಹೆಸರು ಹೇಳಿದೆ, ನಿನ್ನ ಹೆಸರು ಹೇಳಿದೆ. ಸುತ್ತಿಗೆ ಕೆಳಗಿಟ್ಟಳು. "ಕುಂತ್ಕ" ಎಂದಳು. ಕುಳಿತು ಎಲ್ಲವನ್ನೂ ಹೇಳಿದೆ. ಕಾಸು, ಕೊಂಡಿ, ಹತ್ತಿ, ನಿನಗೆ ಗೊತ್ತಿಲ್ಲದ್ದು, ನೀನು ಮುಖ ತಿರುಗಿಸಿದ್ದು. ಹೇಳುತ್ತಾ ನಾನು ಅತ್ತೆ. ಅವಳು ಅಳಲಿಲ್ಲ.

"ಮುಗೀತಾ?" ಎಂದಳು. "ನನ್ ಮುಂದೆ ಹೇಳಿ ಏನ್ ಬಂತು? ನಾನು ಕದ್ದಿಲ್ಲ ಅಂತ ನಂಗೊತ್ತಿಲ್ವಾ? ನಡಿ, ಹೊರಗೆ ಬಂದು ಹೇಳು."

ನನ್ನ ಕೈ ಹಿಡಿದು ಎಬ್ಬಿಸಿದಳು. ನಾನು ಎಂತಹ ಪುಕ್ಕಲು ಎಂದು ನಿನಗೆ ಗೊತ್ತು. ಸಂತೆಯಲ್ಲಿ ದಾರಿ ಕೇಳಲೂ ನಿಮ್ಮ ಭಾವನನ್ನು ಮುಂದೆ ಬಿಡುವವಳು. ಆ ಟೀ ಅಂಗಡಿಯ ಮುಂದೆ, ಮಸೀದಿಯಿಂದ ಹೊರಗೆ ಬರುತ್ತಿದ್ದ ಗಂಡಸರ ಮುಂದೆ ನಿಂತು ಚಿನ್ನ ನನ್ನದು, ಈ ಹೆಂಗಸು ಕದ್ದಿಲ್ಲ ಎಂದು ಹೇಳಿದೆ. ಧ್ವನಿ ಸಾಲದು ಎಂದಳು. ಮತ್ತೆ ಹೇಳಿದೆ. ಕೆಲವರು ತಲೆ ಆಡಿಸಿದರು. ಒಬ್ಬ, "ಇಬ್ರೂ ಸೇರ್ಕೊಂಡು ಏನೋ ಮುಚ್ಚಾಕಾಕೆ ಬಂದವ್ರೆ" ಎಂದ. ನಿಮ್ಮ ಭಾವ ಅವನ ಕಡೆ ಹೋಗಲು ಹೊರಟರು, ಅವಳೇ ತಡೆದಳು. "ಬಿಡಣ್ಣ. ಅರ್ಧ ಜನ ನಂಬಿದ್ರೂ ನನ್ನ ಮಗಳಿಗೆ ಸಾಕು" ಎಂದಳು. ಆ ಹುಡುಗಿಗೆ ಗೊತ್ತು ಮಾಡಿದ್ದ ಸಂಬಂಧ ಅವ್ವ ಕಳ್ಳಿ ಎಂಬ ಮಾತಿನಿಂದಲೇ ಮುರಿದಿದೆ. ಗಂಡಿನ ಕಡೆಯವರು ಬೇರೆ ಕಡೆ ಮದುವೆ ಮಾಡಿಕೊಂಡೂ ಆಯಿತಂತೆ.

ವಾಪಸ್ ಬರುವಾಗ ಬಸ್ಸಿನ ತನಕ ಬಂದಳು. ನೀನು ಹೇಳಿ ಕಳಿಸಿದ್ದನ್ನು ಆಗ ಕೇಳಿದೆ. ನೀವು ಬಾ ಎಂದರೆ ಅವಳು ಬರುತ್ತಾಳಂತೆ, ಇಲ್ಲದಿದ್ದರೆ ಇಲ್ಲವಂತೆ ಎಂದೆ. ಕೈಗೆ ಅಂಟಿದ್ದ ಹುಣಸೆಯ ನಾರನ್ನು ಒಂದೊಂದಾಗಿ ಕಿತ್ತಳು. ಬಸ್ಸು ಸ್ಟಾರ್ಟ್ ಆಯಿತು.

"ಬರಬ್ಯಾಡ ಅನ್ನಾಕೆ ನಾನ್ಯಾರು? ಅವಳೂ ಮಗಳನ್ನ ಬಿಟ್ಟು ಹೋದಾಕಿ" ಎಂದಳು. "ಆದ್ರೆ ಬಾ ಅನ್ನೋದು ನನ್ನ ಬಾಯಿಂದ ಬರಲ್ಲ ಕಣಕ್ಕ. ನಾನೂ ಅಂದು ನೋಡ್ಕೊಂಡೆ. ಬರಲ್ಲ."

ಇಷ್ಟೇ ಅವಳು ಹೇಳಿದ್ದು.

ಬಸ್ಸಿನಲ್ಲಿ ನಿಮ್ಮ ಭಾವ, "ಬಾ ಅಂದ್ಲು ಅಂತಲೇ ಬರೆದ್ಬಿಡು. ಆ ಮಗು ಮುಖ ನೋಡಿಯಾದ್ರೂ ಬರೆ" ಎಂದರು. ಯಾವತ್ತೂ ಸುಳ್ಳು ಹೇಳದ ಮನುಷ್ಯ. ಮನೆಗೆ ಬಂದು ಹಾಗೆ ಬರೆಯಲು ಕುಳಿತೆ. ಅರ್ಧ ಬರೆದೆ. ನಿನ್ನ ಒಳ್ಳೆಯದಕ್ಕೆಂದು ನಿನಗೆ ತಿಳಿಯದ ಹಾಗೆ ಇನ್ನೊಂದನ್ನು ಹೊಲಿಯಲು ನನ್ನಿಂದ ಆಗಲಿಲ್ಲ. ಹರಿದು ಹಾಕಿ ಇದನ್ನು ಬರೆದಿದ್ದೇನೆ.

ಗುಲ್ನಾಜ್ ಜೂನ್‌ಗೆ ಮೂರನೇ ಕ್ಲಾಸು. ಅವ್ವ ಯಾವಾಗ ಬರುತ್ತಾಳೆ ಎಂದು ಕೇಳುವುದನ್ನು ಬಿಟ್ಟಿದ್ದಾಳೆ. ಕೇಳುತ್ತಿದ್ದಾಗ ನನಗೆ ಕಷ್ಟವಾಗುತ್ತಿತ್ತು. ಈಗ ಇನ್ನೂ ಕಷ್ಟವಾಗುತ್ತಿದೆ.

ಮಸ್ತಾನ್ ಬೀ ಬಾ ಎನ್ನಲಿಲ್ಲ ಸನೋಬರ್. ನಾನು ಎನ್ನುತ್ತಿದ್ದೇನೆ. ನನ್ನ ಮಾತು ಅದಕ್ಕೆ ಸಾಲದು ಎಂದು ಗೊತ್ತಿದ್ದೂ ಎನ್ನುತ್ತಿದ್ದೇನೆ.

ಖಾತುನ್